ಆಟೋಕ್ರಾಸ್ ಕಾರಿನ ತೂಕ ಇಳಿಸಲು ಕೈಯಾರೆ ಮಾಡಿದ ತಗಡಿನ ಭಾಗಗಳು

ಮೈಸೂರಿನ ಯಾವ ಗ್ಯಾರೇಜಿನಲ್ಲಾದರೂ ಕಾರಿನ ವೇಗ ಹೆಚ್ಚಿಸಬೇಕು ಎಂದು ಹೇಳಿ ನೋಡಿ, ಮಾತು ನೇರವಾಗಿ ಎಂಜಿನ್ನಿಗೆ ಹೋಗುತ್ತದೆ. ಹೆಡ್ ಪಾಲಿಶ್, ಕ್ಯಾಮ್, ಎಕ್ಸಾಸ್ಟ್, ಇಸಿಯು ಎಂದು ಪಟ್ಟಿ ಬೆಳೆಯುತ್ತದೆ, ಅದರ ಹಿಂದೆಯೇ ಖರ್ಚೂ ಬೆಳೆಯುತ್ತದೆ. ಕಾರು ಎಷ್ಟು ತೂಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೈದಾನದ ತಿರುವುಮುರುವು ದಾರಿಯಲ್ಲಿ ನಡೆಯುವ ಕಾರು ಸ್ಪರ್ಧೆಗೆ, ಅಂದರೆ ಮಣ್ಣಿನ ಆಟೋಕ್ರಾಸ್‌ಗೆಂದು, ಹಳೆಯ ಮಾರುತಿ ಎಸ್ಟೀಮ್ ಒಂದನ್ನು ಸಿದ್ಧಪಡಿಸುತ್ತಿರುವ ನಾನು ಹಣವನ್ನೂ ಶ್ರಮವನ್ನೂ ಮೊದಲು ತೂಕದ ಮೇಲೆ ಹಾಕಿದ್ದೇನೆ. ಅದರಲ್ಲೂ ಸಿದ್ಧ ಭಾಗಗಳನ್ನು ಕೊಳ್ಳುವ ಬದಲು ಅಲ್ಯೂಮಿನಿಯಂ ತಗಡನ್ನು ತಂದು, ಕತ್ತರಿಸಿ, ಮಡಿಸಿ, ರಿವೆಟ್ ಹೊಡೆದು ನಾನೇ ಮಾಡಿಕೊಳ್ಳುವ ದಾರಿಯನ್ನು ಆರಿಸಿಕೊಂಡಿದ್ದೇನೆ. ಈ ಕೆಲಸದಲ್ಲಿ ನನಗೆ ಮನದಟ್ಟಾದ ಮುಖ್ಯ ಸಂಗತಿಯೆಂದರೆ ತಗಡಿನ ಬಲ ಅದರ ದಪ್ಪಕ್ಕಿಂತ ಹೆಚ್ಚಾಗಿ ಅದಕ್ಕೆ ಕೊಟ್ಟ ಆಕಾರದಲ್ಲಿರುತ್ತದೆ ಎಂಬುದು. ಇದನ್ನು ತಿಳಿದವನು ತೆಳು ತಗಡಿಗೆ ಹೆದರುವುದಿಲ್ಲ, ತಿಳಿಯದವನು ದಪ್ಪ ತಗಡು ಹಾಕಿ ಉಳಿಸಿದ ತೂಕವನ್ನೆಲ್ಲ ಮತ್ತೆ ಕಾರಿಗೇ ಸೇರಿಸುತ್ತಾನೆ.

ಮೊದಲು ಲೆಕ್ಕ. 1994ರಿಂದ 2007ರವರೆಗೆ ಮಾರಾಟವಾದ ಎಸ್ಟೀಮ್, ಅದರ ಕೊನೆಯ ವರ್ಷಗಳ ಎಂಪಿಎಫ್‌ಐ ಆವೃತ್ತಿಯಲ್ಲಿ, 1298 ಸಿಸಿ ಎಂಜಿನ್ನಿನಿಂದ 85 ಅಶ್ವಶಕ್ತಿ ಕೊಡುತ್ತಿತ್ತು. ಅದರ ತೂಕ ಸುಮಾರು 880 ಕೆಜಿ. ಇದರಲ್ಲಿ 70 ಕೆಜಿ ಇಳಿಸಿದರೆ, ವೇಗ ಪಡೆಯುವ ವಿಷಯದಲ್ಲಿ ಅದು ಮೂಲ ತೂಕದ ಕಾರಿಗೆ 92 ಅಶ್ವಶಕ್ತಿಯ ಎಂಜಿನ್ ಕೂರಿಸಿದ್ದಕ್ಕೆ ಸಮ. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿನಿಂದ ಬಾಳಿಕೆ ಕೆಡಿಸದೆ ಏಳು ಅಶ್ವಶಕ್ತಿ ಹೆಚ್ಚಿಗೆ ತೆಗೆಯಲು ಎಷ್ಟು ಹಣ ಬೇಕಾಗುತ್ತದೆ ಎಂಬುದನ್ನು ಆ ಕೆಲಸ ಮಾಡಿಸಿದವರು ಬಲ್ಲರು. ಇಷ್ಟಾಗಿಯೂ ಎಂಜಿನ್ನಿನಿಂದ ಬಂದ ಶಕ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನೆರವಿಗೆ ಬರುತ್ತದೆ, ಕಡಿಮೆಯಾದ ತೂಕವಾದರೋ ಬ್ರೇಕ್ ಹಿಡಿಯುವಾಗ, ತಿರುವಿನೊಳಗೆ ಹೋಗುವಾಗ, ಗುಂಡಿಯಿಂದ ಮೇಲೆದ್ದು ಮತ್ತೆ ನೆಲ ಮುಟ್ಟುವಾಗ, ಎಲ್ಲ ಕಡೆಯೂ ಕೆಲಸ ಮಾಡುತ್ತದೆ. ದಸರಾ ಹೊತ್ತಿಗೆ ನಮ್ಮ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ನಡೆದ ಮಣ್ಣಿನ ರೇಸುಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ: ಅಂಥ ಟ್ರ್ಯಾಕಿನಲ್ಲಿ ಉದ್ದನೆಯ ನೇರ ದಾರಿ ಎಂಬುದು ಇಲ್ಲವೇ ಇಲ್ಲ, ಎರಡನೆಯ ಗೇರಿನಲ್ಲೇ ಬ್ರೇಕು, ತಿರುವು, ಮತ್ತೆ ಬ್ರೇಕು, ಮತ್ತೆ ತಿರುವು. ಅಲ್ಲಿ ಹಗುರವಾದ ಕಾರಿಗೆ ಪ್ರತಿ ತಿರುವಿನಲ್ಲೂ ಲಾಭವಿದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಇಲ್ಲಿ ಬರೆಯುತ್ತಿರುವುದು ರಸ್ತೆಯಲ್ಲಿ ಓಡುವ ಕಾರಿನ ಬಗ್ಗೆ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ, ಇದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಚಿತವಾಗಿ ಹೇಳಿದೆ. ಸ್ಪರ್ಧೆಗೆಂದೇ ಮೀಸಲಿಟ್ಟು, ಟ್ರೇಲರಿನ ಮೇಲೆ ಮೈದಾನಕ್ಕೆ ಒಯ್ಯುವ ಕಾರಿಗೆ ಮಾತ್ರ ಮುಂದಿನ ಮಾತುಗಳು ಅನ್ವಯ. ಅಲ್ಲಿಯೂ ದೇಶದ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಅಡಿಯಲ್ಲಿ ನಡೆಯುವ ಸ್ಪರ್ಧೆಗಳ ಕೆಲವು ವರ್ಗಗಳಲ್ಲಿ ಬಾಡಿಯ ಭಾಗಗಳನ್ನು ಬದಲಿಸಲು ಅವಕಾಶವಿರುವುದಿಲ್ಲ, ಆದ್ದರಿಂದ ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ತಾನು ಇಳಿಯಲಿರುವ ವರ್ಗದ ನಿಯಮಗಳನ್ನು ಓದಿಕೊಳ್ಳುವುದು ಒಳ್ಳೆಯದು.

ತೂಕ ಇಳಿಸುವ ಅಗತ್ಯ ಇನ್ನೂ ಒಂದು ಕಡೆಯಿಂದ ಬರುತ್ತದೆ. ಸ್ಪರ್ಧೆಯ ಕಾರಿಗೆ ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಒಳಗಿರುವವರನ್ನು ಕಾಯುವ ಕೊಳವೆಗಳ ಪಂಜರ, ಹಾಕಲೇಬೇಕು, ಅದರಲ್ಲಿ ರಾಜಿಯ ಪ್ರಶ್ನೆಯೇ ಇಲ್ಲ. ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆಯಾದ ಎಫ್‌ಐಎ ನಿಯಮದಂತೆ ಚಾಲಕನ ಹಿಂದಿನ ಮುಖ್ಯ ಕಮಾನಿಗೆ 45 ಮಿಮೀ ವ್ಯಾಸ ಮತ್ತು 2.5 ಮಿಮೀ ದಪ್ಪದ, ಇಲ್ಲವೇ 50 ಮಿಮೀ ವ್ಯಾಸ ಮತ್ತು 2 ಮಿಮೀ ದಪ್ಪದ ಸೀಮ್‌ಲೆಸ್ ಉಕ್ಕಿನ ಕೊಳವೆ ಬೇಕು. 45 ಮಿಮೀ ಕೊಳವೆ ಒಂದು ಮೀಟರಿಗೆ 2.6 ಕೆಜಿ ತೂಗುತ್ತದೆ. ಉಳಿದ ಕೊಂಡಿಗಳಿಗೆ ಬಳಸುವ 38 ಮಿಮೀ ಕೊಳವೆ ಸುಮಾರು 2.2 ಕೆಜಿ. ಹದಿನೈದು ಮೀಟರಿನಷ್ಟು ಕೊಳವೆ ಸೇರಿದರೆ 35 ಕೆಜಿ ಹೆಚ್ಚಾಯಿತು, ಅದರಲ್ಲಿ ಒಂದು ಭಾಗ ಕಿಟಕಿಯ ಮಟ್ಟಕ್ಕಿಂತ ಮೇಲೆ. ಹೀಗಾಗಿ ನಾನು ತಗಡಿನಲ್ಲಿ ಉಳಿಸುವ ಮೊದಲ 35 ಕೆಜಿ ಕೇಜಿನ ಸಾಲ ತೀರಿಸುವುದಕ್ಕೇ ಹೋಗುತ್ತದೆ. ಕಾರಿನೊಳಗೆ ಕೂರುವವನ ಜೀವ ಕಾಯುವ ಲೋಹಕ್ಕಾಗಿ ಬೇರೆ ಲೋಹವನ್ನು ಹೊರಗೆ ಹಾಕುವುದು ನನಗೆ ಅತ್ಯಂತ ನ್ಯಾಯವಾದ ವಿನಿಮಯವಾಗಿ ಕಾಣುತ್ತದೆ.

ಕಾರ್ಪೆಟ್, ಹಿಂದಿನ ಸೀಟು, ಸ್ಪೀಕರು, ನೆಲಕ್ಕೆ ಅಂಟಿಸಿದ ಡಾಂಬರಿನಂಥ ಹಾಳೆ, ಇವನ್ನೆಲ್ಲ ತೆಗೆಯುವುದು ಸುಲಭದ ಕೆಲಸ, ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತೆಗೆದ ಪ್ರತಿಯೊಂದು ವಸ್ತುವನ್ನೂ ಮೂಟೆ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಗೆ ನೇತುಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಮಾತ್ರ ಅಗತ್ಯ. ಮಂಡ್ಯದ ಕಡೆ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜುಗಳು ಬೇಕಾದಷ್ಟಿವೆ, ಇಡೀ ಕಾರಿನ ತೂಕವನ್ನೂ, ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಮುಂಭಾಗದ ತೂಕವನ್ನೂ ಅಲ್ಲಿ ನೋಡಬಹುದು. ಆದರೆ ಅವು ಐದೋ ಹತ್ತೋ ಕೆಜಿಯ ಹಂತದಲ್ಲಿ ತೋರಿಸುವುದರಿಂದ ಬಿಡಿ ಭಾಗದ ಲೆಕ್ಕಕ್ಕೆ ಅವನ್ನು ನಂಬುವಂತಿಲ್ಲ.

ನಿಜವಾದ ಕೆಲಸ ಶುರುವಾಗುವುದು ತೆಗೆದ ಜಾಗಕ್ಕೆ ಏನಾದರೂ ಕೂರಿಸಬೇಕಾದಾಗ. ಬಾಗಿಲಿನ ಒಳಮೈ ಹಾಗೆಯೇ ತೆರೆದಿಟ್ಟರೆ ಗಾಜು ಏರಿಸಿ ಇಳಿಸುವ ಯಂತ್ರಕ್ಕೆ ಮೊಣಕೈ ತಾಗುತ್ತದೆ, ಹಿಂದಿನ ಸೀಟಿನ ಬೆನ್ನಿನ ದೊಡ್ಡ ತೆರವು ಮುಚ್ಚದಿದ್ದರೆ ಡಿಕ್ಕಿಯ ಧೂಳೆಲ್ಲ ಮೂಗಿಗೆ ಬರುತ್ತದೆ, ಸ್ವಿಚ್ಚು ಮತ್ತು ಮೀಟರು ಕೂರಿಸಲು ಹಲಗೆಯೊಂದು ಬೇಕು, ಬ್ಯಾಟರಿಗೆ ತಟ್ಟೆ ಬೇಕು, ಪಕ್ಕದಲ್ಲಿ ಕೂರುವವನ ಕಾಲಿಗೆ ಆಸರೆ ಬೇಕು. ಇವೆಲ್ಲಕ್ಕೂ ತಗಡು ಬೇಕು, ಯಾವ ತಗಡು ಎಂಬುದು ಪ್ರಶ್ನೆ.

ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ, ಅಲ್ಯೂಮಿನಿಯಂನದು 2.7 ಗ್ರಾಂ. ಎಂಟಡಿ ನಾಲ್ಕಡಿಯ ಒಂದು ಪೂರ್ತಿ ಹಾಳೆ 18 ಗೇಜಿನಲ್ಲಿ, ಅಂದರೆ 1.2 ಮಿಮೀ ದಪ್ಪದಲ್ಲಿ, ಉಕ್ಕಿನದಾದರೆ 28 ಕೆಜಿ, ಅಲ್ಯೂಮಿನಿಯಂನದಾದರೆ 9.6 ಕೆಜಿ ತೂಗುತ್ತದೆ. ಇದನ್ನು ನೋಡಿ ತೂಕ ಮೂರನೇ ಒಂದಕ್ಕೆ ಇಳಿಯಿತು ಎಂದು ಹಿಗ್ಗುವವರು ಬಹಳ. ಆದರೆ ಅಲ್ಯೂಮಿನಿಯಂನ ಬಿಗುಪೂ, ಅಂದರೆ ಬಾಗದೆ ನಿಲ್ಲುವ ಗುಣವೂ, ಉಕ್ಕಿನದಕ್ಕಿಂತ ಸುಮಾರು ಮೂರು ಪಟ್ಟು ಕಡಿಮೆ: ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿಗೆ 200ರಿಂದ 210 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ 70. ಅದೇ ದಪ್ಪದ ಅಲ್ಯೂಮಿನಿಯಂ ತಗಡನ್ನು ಚಪ್ಪಟೆಯಾಗಿಯೇ ಹಾಕಿದರೆ ಅದು ಮೂರು ಪಟ್ಟು ಹೆಚ್ಚು ಬಾಗುತ್ತದೆ. ಚಪ್ಪಟೆ ತಗಡಿನ ಬಾಗುವಿಕೆಗೆ ಎದುರಾಗಿ ನಿಲ್ಲುವ ಬಿಗುಪು ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಉಕ್ಕಿನ ಬಿಗುಪು ಬೇಕೆಂದರೆ ಅಲ್ಯೂಮಿನಿಯಂ ತಗಡು 1.44 ಪಟ್ಟು ದಪ್ಪವಿರಬೇಕು. ಆಗ ತೂಕ ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಮೂರನೇ ಒಂದಕ್ಕಲ್ಲ. ಅರ್ಧವೂ ಕಡಿಮೆಯೇನಲ್ಲ; ಆದರೆ ಉಳಿದ ಲಾಭವನ್ನೂ ಪಡೆಯುವ ದಾರಿ ಮಡಿಕೆಯಲ್ಲಿದೆ.

ಇದನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ ಬೆರಗಾದೆ, ಆದ್ದರಿಂದ ಆ ಅಂಕಿಗಳನ್ನೇ ಕೊಡುತ್ತೇನೆ. 300 ಮಿಮೀ ಅಗಲ, 0.9 ಮಿಮೀ ದಪ್ಪದ ತಗಡಿನ ಪಟ್ಟಿಯೊಂದನ್ನು ತೆಗೆದುಕೊಳ್ಳಿ. ಅದರ ಎರಡೂ ಉದ್ದದ ಅಂಚುಗಳಲ್ಲಿ 12 ಮಿಮೀ ತುಟಿಯನ್ನು ನೇರ ಕೋನದಲ್ಲಿ ಮಡಿಸಿದರೆ, ಉದ್ದಕ್ಕೆ ಬಾಗುವುದರ ವಿರುದ್ಧ ಆ ಪಟ್ಟಿಯ ಬಿಗುಪು ಸೂತ್ರದ ಪ್ರಕಾರ ಸುಮಾರು ಅರವತ್ತು ಪಟ್ಟು ಏರುತ್ತದೆ. ಅದಕ್ಕಾಗಿ ಹೆಚ್ಚಿಗೆ ಬೇಕಾದ ಲೋಹ ನೂರಕ್ಕೆ ಎಂಟು ಭಾಗ ಮಾತ್ರ. ಬರಿಯ ದಪ್ಪ ಹೆಚ್ಚಿಸಿ ಅಷ್ಟೇ ಬಿಗುಪು ಪಡೆಯಬೇಕಾದರೆ ತಗಡು ಸುಮಾರು ನಾಲ್ಕು ಪಟ್ಟು ದಪ್ಪ ಮತ್ತು ನಾಲ್ಕು ಪಟ್ಟು ಭಾರ ಆಗಬೇಕು. ಲೆಕ್ಕದ ಈ ಅರವತ್ತು ಪಟ್ಟು ಕಾರಿನಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ ಎಂಬುದೂ ನಿಜ, ಏಕೆಂದರೆ ಅಗಲವಾದ ತೆಳು ತಗಡಿನ ನಡುಭಾಗ ಅಂಚುಗಳ ಜೊತೆಗೂಡಿ ಕೆಲಸ ಮಾಡದೆ ತನ್ನ ಪಾಡಿಗೆ ಒಳಗೂ ಹೊರಗೂ ಚಿಮ್ಮುತ್ತಿರುತ್ತದೆ. ಕೈಯಿಂದ ಒತ್ತಿದಾಗ ಟಪ್ ಎಂದು ಒಳಗೆ ಹೋಗಿ, ಬಿಟ್ಟಾಗ ಟಪ್ ಎಂದು ಹೊರಬರುವ ಆ ಗುಣ ಎಂಜಿನ್ನಿನ ಅದುರಿಗೆ ಸಿಕ್ಕರೆ ಇಡೀ ಕಾರನ್ನು ತಮಟೆಯಾಗಿಸಿಬಿಡುತ್ತದೆ. ಹಾಗಾಗದಂತೆ ನಡುಭಾಗಕ್ಕೂ ಏಣು, ಅಂದರೆ ಉಬ್ಬುಗೆರೆ, ಕೊಡಬೇಕು.

ಏಣು ಕೊಡುವ ಕೆಲಸವನ್ನು ನಾನು ಕಲಿತದ್ದು ತಗಡಿನ ಟ್ರಂಕು ಮಾಡುವವರಿಂದ. ಟ್ರಂಕಿನ ಮುಚ್ಚಳ ಎಷ್ಟು ತೆಳು ತಗಡಿನದು ಎಂಬುದನ್ನು ಗಮನಿಸಿದರೆ, ಅದರ ಮೇಲೆ ಇಬ್ಬರು ಕುಳಿತರೂ ಅದು ಕುಸಿಯದಿರುವುದು ಮೇಲ್ಮೈಯ ಉಬ್ಬುಗೆರೆಗಳಿಂದ ಎಂದು ಅರ್ಥವಾಗುತ್ತದೆ. ಮಂಡಿ ಮೊಹಲ್ಲಾ ಕಡೆಯ ಒಂದು ಹಳೆಯ ಅಂಗಡಿಯಲ್ಲಿ, ಕೈಯಿಂದ ತಿರುಗಿಸುವ, ಒಂದರ ಮೇಲೊಂದು ಉರುಳುವ ಎರಡು ಚಕ್ರಗಳ ಬೀಡಿಂಗ್ ಯಂತ್ರವೊಂದಿದೆ. ಮೇಲಿನ ಚಕ್ರದ ಅಂಚು ಉಬ್ಬಿದೆ, ಕೆಳಗಿನದರಲ್ಲಿ ಅದಕ್ಕೆ ಹೊಂದುವ ತೋಡು ಇದೆ. ನಡುವೆ ತಗಡು ಹೋದಂತೆ ಸುಮಾರು ಅರ್ಧ ಇಂಚು ಅಗಲದ ಏಣು ಮೂಡುತ್ತದೆ. ನನ್ನ ಬಾಗಿಲಿನ ತಗಡನ್ನು ತೆಗೆದುಕೊಂಡು ಹೋದಾಗ ಆ ಅಂಗಡಿಯ ಭಾಯ್ ಅದನ್ನು ಎರಡು ಕೈಗಳಲ್ಲಿ ಹಿಡಿದು ಒಮ್ಮೆ ಅಲುಗಾಡಿಸಿ, "ಸಾರ್, ಗೆರೆ ಅಂಚಿನ ತನಕ ಎಳೀಬೇಡಿ, ಎರಡು ಬೆರಳು ಮೊದಲೇ ನಿಲ್ಸಿ, ಇಲ್ದಿದ್ರೆ ಅಂಚು ಸುತ್ಕೊಳ್ಳತ್ತೆ" ಎಂದರು. ಒಂದೇ ಸಲಕ್ಕೆ ಪೂರ್ತಿ ಆಳ ಒತ್ತದೆ, ಮೇಲಿನ ಸ್ಕ್ರೂವನ್ನು ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡಿಸಿದರು. ಏಣಿನ ಕಡೆಗೆ ಲೋಹ ಎಳೆದುಕೊಳ್ಳುವುದರಿಂದ ತಗಡಿನ ಅಗಲ ತುಸು ಕಡಿಮೆಯಾಗುತ್ತದೆ, ಅದಕ್ಕಾಗಿ ಮೊದಲು ಏಣು ತೆಗೆದು ಆಮೇಲೆ ಅಂಚು ಕತ್ತರಿಸಿ ಮಡಿಸಬೇಕು ಎಂಬುದೂ ಅವರೇ ಹೇಳಿಕೊಟ್ಟದ್ದು. ಈಗ ನನ್ನ ಬಾಗಿಲಿನ ಒಳಹಲಗೆ 22 ಗೇಜಿನದು, ಅಂದರೆ ಕೇವಲ 0.7 ಮಿಮೀ, ಸುಮಾರು ಅರ್ಧ ಚದರ ಮೀಟರಿನ ಆ ತುಂಡು ಒಂದು ಕೆಜಿಗಿಂತ ಕಡಿಮೆ ತೂಗುತ್ತದೆ, ಗುದ್ದಿದರೂ ಸದ್ದು ಮಾಡುವುದಿಲ್ಲ.

ನಮ್ಮ ಊರಿನಲ್ಲಿ ಇಂಥ ಕೈಗಳು ಇರುವುದಕ್ಕೆ ಕಾರಣವೂ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಹಾಕುವವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಆ ಬೈಕುಗಳ ಟ್ಯಾಂಕು, ಮಡ್‌ಗಾರ್ಡು, ಟೂಲ್ ಬಾಕ್ಸುಗಳನ್ನು ರಿಪೇರಿ ಮಾಡುತ್ತ, ಸಿಗದ ಭಾಗಗಳನ್ನು ಹೊಸದಾಗಿ ಬಡಿದು ಕೊಡುತ್ತ ಬೆಳೆದ ಟಿಂಕರಿಂಗ್ ಕೆಲಸಗಾರರು ಮೈಸೂರಿನಲ್ಲಿ ಈಗಲೂ ಇದ್ದಾರೆ. ಹೆಬ್ಬಾಳ್ ಮತ್ತು ಮೇಟಗಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಶಿಯರಿಂಗ್, ಬೆಂಡಿಂಗ್, ಲೇಸರ್ ಕಟಿಂಗ್ ಎಲ್ಲವೂ ಸಿಗುತ್ತದೆ. ಒಂದೇ ಅಳತೆಯ ಹಲವು ತುಂಡುಗಳು ಬೇಕಾದರೆ ನಾನೂ ಅಲ್ಲಿಗೇ ಹೋಗುತ್ತೇನೆ. ಆದರೆ ಕಾರಿನ ಒಳಮೈಯಲ್ಲಿ ನೇರವಾದ ಗೆರೆ ಎಂಬುದು ಅಪರೂಪ. ಅಲ್ಲಿಗೆ ಮೊದಲು ಫ್ರಿಜ್ ಪೆಟ್ಟಿಗೆಯ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಕೂರಿಸಿ ನೋಡಿ, ಮತ್ತೆ ಕತ್ತರಿಸಿ, ಸರಿಯಾದ ಮೇಲೆ ತಗಡಿನ ಮೇಲಿಟ್ಟು ಗೆರೆ ಎಳೆಯುವುದೇ ಉತ್ತಮ.

ತಗಡು ಕೊಳ್ಳುವಾಗ ಮಿಶ್ರಲೋಹದ ಸಂಖ್ಯೆ ಕೇಳಬೇಕು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಹೆಚ್ಚಾಗಿ ಶುದ್ಧ ಅಲ್ಯೂಮಿನಿಯಂ, ಪಾತ್ರೆ ಮಾಡುವ ಮೆದು ಜಾತಿ. ಅದು ಚೆನ್ನಾಗಿ ಬಡಿಸಿಕೊಳ್ಳುತ್ತದೆ, ಆದರೆ ಒಂದು ಕಲ್ಲು ಬಿದ್ದರೂ ತಗ್ಗು ಬೀಳುತ್ತದೆ. ನನಗೆ ಒಪ್ಪಿಗೆಯಾದದ್ದು ನೂರಕ್ಕೆ ಎರಡೂವರೆ ಭಾಗದಷ್ಟು ಮೆಗ್ನೀಸಿಯಂ ಇರುವ 5052, ಅದರಲ್ಲೂ ಎಚ್32 ಎಂಬ ತುಸು ಗಡುಸಾದ ಹದದ್ದು. ದಪ್ಪದಷ್ಟೇ ಒಳ ತ್ರಿಜ್ಯದಲ್ಲಿ ಮಡಿಸಿದರೂ ಬಿರಿಯುವುದಿಲ್ಲ, ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಹೆಚ್ಚು ಗಟ್ಟಿ ಎಂದು ಹೆಸರಾದ 6061-ಟಿ6 ಶಾಖಸಂಸ್ಕಾರ ಪಡೆದ ಲೋಹ, ಅದನ್ನು ಚಿಕ್ಕ ತ್ರಿಜ್ಯದಲ್ಲಿ ಮಡಿಸಿದರೆ ಹೊರಮೈ ಸೀಳುತ್ತದೆ. ಅದು ಚಪ್ಪಟೆ ಪಟ್ಟಿಗೆ, ದಪ್ಪ ಬ್ರಾಕೆಟ್ಟಿಗೆ ಸರಿ. ಮಡಿಸುವ ಗೆರೆ ತಗಡು ಉರುಳಿ ಬಂದ ದಿಕ್ಕಿಗೆ ಅಡ್ಡವಾಗಿರಬೇಕು, ಆ ದಿಕ್ಕನ್ನು ಮೇಲ್ಮೈಯ ಸಣ್ಣ ಗೀರುಗಳನ್ನು ನೋಡಿ ತಿಳಿಯಬಹುದು. ಮಡಿಕೆಯ ಜಾಗದಲ್ಲಿ ಸ್ಕ್ರೈಬರಿನಿಂದ ಗೀರಬಾರದು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಸಣ್ಣ ತುದಿಯ ಮಾರ್ಕರ್ ಸಾಕು.

ಅಳತೆಯ ಲೆಕ್ಕದ ಬಗ್ಗೆ ಒಂದು ಉದಾಹರಣೆ ಕೊಡದೆ ಮುಂದೆ ಹೋಗಲಾರೆ, ಏಕೆಂದರೆ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಬ್ಯಾಟರಿ ಬಳಿಯ ಫ್ಯೂಸ್ ಪೆಟ್ಟಿಗೆಗೆ 1.2 ಮಿಮೀ ತಗಡಿನಲ್ಲಿ ಒಂದು ತಟ್ಟೆ ಬೇಕು ಎಂದುಕೊಳ್ಳಿ: ಹೊರ ಅಳತೆಯಲ್ಲಿ ತಳ 100 ಮಿಮೀ, ಎರಡೂ ಕಡೆಯ ಗೋಡೆ 40 ಮಿಮೀ. ಮೂರನ್ನೂ ಕೂಡಿಸಿ 180 ಮಿಮೀ ಕತ್ತರಿಸಿದರೆ ತಟ್ಟೆ ದೊಡ್ಡದಾಗುತ್ತದೆ. ಮಡಿಕೆಯ ಒಳ ತ್ರಿಜ್ಯ 1.6 ಮಿಮೀ ಇದ್ದು, ಹಿಗ್ಗದೆ ಕುಗ್ಗದೆ ಉಳಿಯುವ ಪದರ ಒಳಮೈಯಿಂದ ದಪ್ಪದ 0.42 ಭಾಗದಷ್ಟು ದೂರದಲ್ಲಿದೆ ಎಂದು ಹಿಡಿದರೆ, ಪ್ರತಿ ಮಡಿಕೆ ತಿನ್ನುವ ಲೋಹ 3.3 ಮಿಮೀ, ಹೊರ ಅಳತೆಗಳ ಮೊತ್ತದಿಂದ ಪ್ರತಿ ಮಡಿಕೆಗೆ 2.3 ಮಿಮೀ ಕಳೆಯಬೇಕು. ಎರಡು ಮಡಿಕೆಗೆ 4.6 ಕಳೆದರೆ ಚಪ್ಪಟೆ ತುಂಡಿನ ಅಗಲ 175.4 ಮಿಮೀ. ಬೆಂಡಿಂಗ್ ಯಂತ್ರ ಬೇರೆಯಾದರೆ ತ್ರಿಜ್ಯವೂ ಬೇರೆಯಾಗುತ್ತದೆ, ಆದ್ದರಿಂದ ಅದೇ ಹಾಳೆಯ ಚೂರೊಂದನ್ನು ಮೊದಲು ಮಡಿಸಿ ಅಳೆದು ಈ 2.3 ಎಂಬ ಸಂಖ್ಯೆಯನ್ನು ತಮ್ಮ ಯಂತ್ರಕ್ಕೆ ತಕ್ಕಂತೆ ಸರಿಮಾಡಿಕೊಳ್ಳಬೇಕು. ಎರಡು ಮಡಿಕೆಗಳು ಸೇರುವ ಮೂಲೆಯಲ್ಲಿ ಕತ್ತರಿಸುವ ಮೊದಲೇ ಒಂದು ಸಣ್ಣ ತೂತು ಕೊರೆದಿಟ್ಟರೆ ಅಲ್ಲಿ ಲೋಹ ಸೀಳುವುದಿಲ್ಲ. ಅಲ್ಯೂಮಿನಿಯಂ ಕೊರೆಯುವಾಗ ಡ್ರಿಲ್ಲಿಗೆ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟರೆ ಚೂರು ಅಂಟಿಕೊಳ್ಳದೆ ನಯವಾಗಿ ಬಿಡುತ್ತದೆ.

ಉಬ್ಬಿದ ಆಕಾರ ಬೇಕಾದ ಕಡೆ, ಉದಾಹರಣೆಗೆ ಸಸ್ಪೆನ್ಷನ್ನಿನ ಮೇಲ್ತುದಿ ಕೂರುವ ಸ್ಟ್ರಟ್ ಟವರ್ ಸುತ್ತಲಿನ ತುಂಡಿನಲ್ಲಿ, ತಗಡನ್ನು ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿಯಬೇಕು. ಬಡಿದಂತೆಲ್ಲ ಲೋಹ ಗಡುಸಾಗುತ್ತದೆ, ಗಡುಸಾದ ಮೇಲೂ ಬಡಿದರೆ ಸೀಳುತ್ತದೆ. ಆಗ ಅದನ್ನು ಕಾಯಿಸಿ ಮೆದು ಮಾಡಬೇಕು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, 660 ಡಿಗ್ರಿಯಲ್ಲಿ ಇದ್ದಕ್ಕಿದ್ದಂತೆ ಕರಗಿ ಬಿದ್ದುಹೋಗುತ್ತದೆ. ಇದಕ್ಕೆ ಹಳೆಯ ಬಾಡಿ ಕೆಲಸಗಾರರ ಉಪಾಯವೊಂದಿದೆ: ಬಟ್ಟೆ ಸೋಪಿನ ಬಿಲ್ಲೆಯಿಂದ ತಗಡಿನ ಮೇಲೆ ಗೆರೆ ಎಳೆದು, ಹಿಂಬದಿಯಿಂದ ಬರ್ನರ್ ಹಿಡಿದು, ಆ ಗೆರೆ ಕಂದಾಗಿ ನಂತರ ಕಪ್ಪಾಗುವವರೆಗೆ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಸೋಪು ಕಪ್ಪಾಗುವ ಉಷ್ಣತೆಯೂ ಈ ಲೋಹ ಮೆದುವಾಗುವ ಉಷ್ಣತೆಯೂ ಹತ್ತಿರ ಹತ್ತಿರ, 350ರಿಂದ 400 ಡಿಗ್ರಿಯ ಆಸುಪಾಸಿನಲ್ಲಿವೆ. ಸೋಪಿನ ಗೆರೆ ಬಣ್ಣ ತಿರುಗುವುದನ್ನು ಕಣ್ಣಾರೆ ನೋಡಿ, ಆರಿದ ಮೇಲೆ ಅದೇ ತಗಡನ್ನು ಕೈಯಲ್ಲಿ ಹಿಡಿದಾಗ ಅದು ರೇಷ್ಮೆ ಪಂಚೆಯಷ್ಟು ವಿಧೇಯವಾಗಿ ಬಾಗುವುದು ಈ ಕೆಲಸದ ದೊಡ್ಡ ಸಂತೋಷಗಳಲ್ಲಿ ಒಂದು. ಟಿ6 ಹದದ ಲೋಹಕ್ಕೆ ಮಾತ್ರ ಇದನ್ನು ಮಾಡಬಾರದು, ಅದರ ಬಲ ಅಲ್ಲಿಗೇ ಹೋಗುತ್ತದೆ.

ರೇಸಿನ ಕಾರು ಎಂದರೆ ತೂತುಗಳು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಲೆಕ್ಕ ಹಾಕಿದರೆ ಅದರ ನಿಜ ತಿಳಿಯುತ್ತದೆ. 1.2 ಮಿಮೀ ಅಲ್ಯೂಮಿನಿಯಂ ತಗಡಿನಲ್ಲಿ 50 ಮಿಮೀ ವ್ಯಾಸದ ಒಂದು ತೂತು ಕೊರೆದರೆ ಉಳಿಯುವುದು ಸುಮಾರು ಆರೂವರೆ ಗ್ರಾಂ. ಹತ್ತು ತೂತು ಕೊರೆದರೂ ಒಂದು ಕೋಳಿಮೊಟ್ಟೆಯಷ್ಟು ತೂಕ. 1.6 ಮಿಮೀ ಉಕ್ಕಿನಲ್ಲಾದರೆ ತೂತಿಗೆ 25 ಗ್ರಾಂ, ಅಲ್ಲಿ ಸ್ವಲ್ಪ ಅರ್ಥವಿದೆ. ಹಾಗಿದ್ದರೂ ನಾನು ಅಲ್ಯೂಮಿನಿಯಂನಲ್ಲೂ ತೂತು ಮಾಡುತ್ತೇನೆ, ಆದರೆ ಡಿಂಪಲ್ ಡೈ ಹಾಕಿ ಅದರ ಅಂಚನ್ನು ಒಳಕ್ಕೆ ಬಾಗಿಸಿದಾಗ ಮಾತ್ರ. ಬಾಗಿದ ಆ ದುಂಡು ಅಂಚು ಸುತ್ತಲಿನ ತಗಡನ್ನು ಬಿಗಿಹಿಡಿಯುತ್ತದೆ, ಆ ಬಿಗುಪಿನ ಬಲದಿಂದ ಇನ್ನೂ ತೆಳು ಹಾಳೆಯನ್ನು ಬಳಸಲು ಸಾಧ್ಯವಾಗುತ್ತದೆ; ತೂಕ ಉಳಿಯುವುದು ಅಲ್ಲಿ. ಡೈ ದುಬಾರಿಯೇನಲ್ಲ. ಇಎನ್8 ಉಕ್ಕಿನ ದುಂಡು ಕಂಬಿಯ ಎರಡು ತುಂಡನ್ನು ಲೇತ್ ಅಂಗಡಿಗೆ ಕೊಟ್ಟು, ಒಂದನ್ನು ಇಳಿಜಾರು ಅಂಚಿನ ಗಂಡು ಭಾಗವಾಗಿಯೂ ಇನ್ನೊಂದನ್ನು ಅದಕ್ಕೆ ಹೊಂದುವ ಹೆಣ್ಣು ಭಾಗವಾಗಿಯೂ ತೆಗೆಸಿಕೊಂಡರೆ, ಬಾಟಲ್ ಜಾಕ್ ಇಟ್ಟ ಸಾಧಾರಣ ಪ್ರೆಸ್ಸಿನಲ್ಲೇ ಒತ್ತಬಹುದು. ಎರಡೂ ಭಾಗಗಳ ನಡುವೆ ತಗಡಿನ ದಪ್ಪದಷ್ಟು ಜಾಗ ಬಿಡುವಂತೆ ಲೇತ್‌ನವರಿಗೆ ಬಿಡಿಸಿ ಹೇಳಬೇಕು. ಒತ್ತುವ ಮೊದಲು ತೂತಿನ ಅಂಚನ್ನು ಅರದಿಂದ ನಯಮಾಡದಿದ್ದರೆ ಸಣ್ಣ ಮೊನಚುಗಳೇ ಬಿರುಕಾಗಿ ತೆರೆದುಕೊಳ್ಳುತ್ತವೆ.

ಜೋಡಣೆಗೆ ಪಾಪ್ ರಿವೆಟ್ ಸಾಕು. ಅಲ್ಯೂಮಿನಿಯಂ ವೆಲ್ಡಿಂಗಿಗೆ ಎಸಿ ಟಿಗ್ ಯಂತ್ರವೂ ಪಳಗಿದ ಕೈಯೂ ಬೇಕು, ಏಕೆಂದರೆ ಮೇಲ್ಮೈಯ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗೂ ಹೆಚ್ಚು ಉಷ್ಣತೆ ಬೇಕು, ಅಷ್ಟರಲ್ಲಿ ಕೆಳಗಿನ ಲೋಹ ನೀರಾಗಿರುತ್ತದೆ. 3.2 ಮಿಮೀ ರಿವೆಟ್ಟಿನ ನಡುಬಿಂದು ಅಂಚಿನಿಂದ ಕನಿಷ್ಠ ಅದರ ವ್ಯಾಸದ ಎರಡರಷ್ಟು ಒಳಗಿರಬೇಕು, ಎರಡು ರಿವೆಟ್ಟುಗಳ ನಡುವೆ ಕನಿಷ್ಠ ಮೂರರಷ್ಟು ಅಂತರವಿರಬೇಕು. ಅಲ್ಯೂಮಿನಿಯಂ ತಗಡು ಉಕ್ಕಿನ ಬಾಡಿಗೆ ನೇರವಾಗಿ ತಾಗುವಲ್ಲಿ ಮಳೆನೀರು ನಿಂತರೆ ಎರಡು ಲೋಹಗಳ ನಡುವೆ ವಿದ್ಯುತ್ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಎರಡೂ ಕಡೆಗೆ ಲೋಹವನ್ನು ಕಚ್ಚಿ ಹಿಡಿಯುವ ಎಟ್ಚ್ ಪ್ರೈಮರ್ ಹೊಡೆದು, ನಡುವೆ ಸೀಲೆಂಟ್ ಹಚ್ಚಿ ಆಮೇಲೆ ರಿವೆಟ್ ಹೊಡೆಯುವುದು ನನ್ನ ಪದ್ಧತಿ.

ಇನ್ನು ಎಲ್ಲಿ ಕೈ ಹಾಕಬಾರದು ಎಂಬ ವಿಷಯ. ರನ್ನಿಂಗ್ ಬೋರ್ಡಿನ ಒಳಗಿನ ಪೆಟ್ಟಿಗೆ, ಕಂಬಗಳು, ಸ್ಟ್ರಟ್ ಟವರ್, ಅಡ್ಡ ತೊಲೆಗಳು, ಸೀಟ್ ಬೆಲ್ಟ್ ಹಿಡಿಯುವ ಜಾಗಗಳು, ಇವೆಲ್ಲ ಕಾರಿನ ಎಲುಬು. ಅವುಗಳಿಂದ ಒಂದು ಗ್ರಾಂ ತೆಗೆಯುವುದನ್ನೂ ನಾನು ಒಪ್ಪುವುದಿಲ್ಲ. ಎಂಜಿನ್ನಿಗೂ ಚಾಲಕನಿಗೂ ನಡುವಿನ ಫೈರ್‌ವಾಲ್ ಉಕ್ಕಿನದೇ ಇರಬೇಕು. ಬೆಂಕಿಯ ಎದುರು ಅಲ್ಯೂಮಿನಿಯಂ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದಕ್ಕೆ ಮೇಲಿನ 660 ಡಿಗ್ರಿಯೇ ಉತ್ತರ. ಪೆಟ್ರೋಲ್ ಟ್ಯಾಂಕಿನ ಕಡೆಯ ಗೋಡೆಗೂ ನಾನು 22 ಗೇಜಿನ ಉಕ್ಕನ್ನೇ ಹಾಕಿದ್ದೇನೆ. ಮುಕ್ಕಾಲು ಚದರ ಮೀಟರಿಗೆ ಸ್ವಲ್ಪ ಕಡಿಮೆ ಇರುವ ಆ ಗೋಡೆ ನಾಲ್ಕು ಕೆಜಿ ತೂಗುತ್ತದೆ, ಅಲ್ಯೂಮಿನಿಯಂನಲ್ಲಾದರೆ ಒಂದೂವರೆಗೂ ಕಡಿಮೆ ಆಗುತ್ತಿತ್ತು. ಆ ಎರಡೂವರೆ ಕೆಜಿ ನನಗೆ ಬೇಡ. ಸೀಟಿನ ಬ್ರಾಕೆಟ್ಟಿಗೆ ಎಫ್‌ಐಎ ನಿಯಮ ಉಕ್ಕಿನಲ್ಲಿ ಕನಿಷ್ಠ 3 ಮಿಮೀ, ಹಗುರ ಮಿಶ್ರಲೋಹದಲ್ಲಿ 5 ಮಿಮೀ ದಪ್ಪ ಕೇಳುತ್ತದೆ. ಉಕ್ಕಿನ ಮೇಲೆ ಬೀಳುವ ಒತ್ತಡ ಒಂದು ಮಿತಿಯೊಳಗಿದ್ದರೆ ಎಷ್ಟು ಸಲ ಅದುರಿದರೂ ಅದು ದಣಿಯುವುದಿಲ್ಲ, ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಎಷ್ಟೇ ಸಣ್ಣ ಅದುರಾದರೂ ಸಾಕಷ್ಟು ಸಲ ಬಿದ್ದರೆ ಅದು ಒಂದು ದಿನ ಬಿರುಕು ಬಿಡುತ್ತದೆ. ಆಲ್ಟರ್ನೇಟರ್ ಬ್ರಾಕೆಟ್, ಸೈಲೆನ್ಸರ್ ಹಿಡಿ ಮುಂತಾದ ಸದಾ ನಡುಗುವ ಭಾಗಗಳನ್ನು ಅಲ್ಯೂಮಿನಿಯಂ ತಗಡಿನಲ್ಲಿ ಮಾಡದಿರುವುದಕ್ಕೆ ಇದೇ ಕಾರಣ.

ಯಾವ ಭಾಗವನ್ನು ಮೊದಲು ಮಾಡಬೇಕು ಎಂಬುದನ್ನು ತೂಕದ ಜೊತೆಗೆ ಅದರ ಸ್ಥಾನವೂ ತೀರ್ಮಾನಿಸುತ್ತದೆ. ಕಾರು ತಿರುಗಲು ತೋರುವ ಪ್ರತಿರೋಧ ನಡುಬಿಂದುವಿನಿಂದ ಇರುವ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನಡುವಿನಿಂದ 1.8 ಮೀಟರ್ ದೂರದ ಬಂಪರಿನಲ್ಲಿರುವ 5 ಕೆಜಿ, ಅರ್ಧ ಮೀಟರ್ ದೂರದಲ್ಲಿ ಸೀಟಿನ ಬಳಿ ಇರುವ 5 ಕೆಜಿಗಿಂತ ಸುಮಾರು ಹದಿಮೂರು ಪಟ್ಟು ಹೆಚ್ಚು ಅಡ್ಡಿ ಒಡ್ಡುತ್ತದೆ. ಆದ್ದರಿಂದ ಬಾಗಿಲಿನ ಒಳಹಲಗೆಗಿಂತ ಬಾನೆಟ್ಟು, ಡಿಕ್ಕಿಯ ಮುಚ್ಚಳ ಮತ್ತು ಬಂಪರಿನ ಹಿಂದಿನ ತಗಡುಗಳು ತೂಕದ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳವು. ಒಳಹಲಗೆಯನ್ನು ನಾನು ಮೊದಲು ಮಾಡಿದ್ದು ಕೈ ಪಳಗಲಿ ಎಂದು. ಈಗ ಬಾನೆಟ್ಟಿಗೆ ಕೈ ಹಾಕಿದ್ದೇನೆ. ಹಳೆಯ ಬಾನೆಟ್ಟಿನ ಒಳಚೌಕಟ್ಟನ್ನು ಅಳತೆಗೆ ಇಟ್ಟುಕೊಂಡು, ಹೊರಮೈಗೆ 1.2 ಮಿಮೀ 5052 ಹಾಳೆ, ಒಳಗೆ ಡಿಂಪಲ್ ತೂತುಗಳಿರುವ 0.9 ಮಿಮೀ ಪಟ್ಟಿಗಳ ಚೌಕಟ್ಟು, ಎರಡಕ್ಕೂ ನಡುವೆ ರಿವೆಟ್ಟಿನ ಬದಲು ಅಂಟು ಮತ್ತು ಸುತ್ತಲೂ ಮಡಿಸಿದ ಅಂಚು ಎಂಬುದು ಯೋಜನೆ. ಮೂಲ ಬೀಗವನ್ನೂ ಕೀಲನ್ನೂ ತೆಗೆದು ನಾಲ್ಕು ಮೂಲೆಗೆ ಬಾನೆಟ್ ಪಿನ್ ಹಾಕುವುದರಿಂದ ಇನ್ನೂ ಸ್ವಲ್ಪ ತೂಕ ಇಳಿಯುತ್ತದೆ. ಪ್ರತಿ ಸ್ಪರ್ಧೆಯ ನಂತರ ಕಾರು ತೊಳೆದು, ಮಡಿಕೆ ಮತ್ತು ರಿವೆಟ್ಟುಗಳ ಸುತ್ತ ಟಾರ್ಚ್ ಬಿಟ್ಟು ಬಿರುಕು ಹುಡುಕುವುದು ಈಗಿನಿಂದಲೇ ರೂಢಿಯಾಗಿದೆ. ಸಣ್ಣ ಬಿರುಕು ಕಂಡರೆ ಅದರ ತುದಿಯಲ್ಲಿ 3 ಮಿಮೀ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ಮೇಲೊಂದು ತೇಪೆಯ ತಗಡನ್ನು ರಿವೆಟ್ ಮಾಡುತ್ತೇನೆ, ಎರಡನೆಯ ಸಲವೂ ಅಲ್ಲೇ ಬಿರಿದರೆ ಆ ಭಾಗವನ್ನು ಬೇರೆ ಆಕಾರದಲ್ಲಿ ಹೊಸದಾಗಿ ಮಾಡುತ್ತೇನೆ.